ಬಿಟ್ಟ ಓದನ್ನು ಮತ್ತೆ ಹಿಡಿದವರ ಜೊತೆಗೆ ನಿಲ್ಲುವ ಬಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ಬಿ.ಎ.ಗೆ ಸೇರಬೇಕೆಂದು ನಮ್ಮ ಮನೆಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಅದರೊಳಗಿದ್ದ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡುಗಳಲ್ಲಿ ಅವರ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರವಿತ್ತು, ಆಧಾರ್ ಕಾರ್ಡಿನಲ್ಲಿ ಗಂಡನ ಪೂರ್ತಿ ಹೆಸರಿತ್ತು. ಓದು ಬಿಟ್ಟು ಹತ್ತೊಂಬತ್ತು ವರ್ಷವಾದ ಮೇಲೂ ಪಾಠ ತಲೆಗೆ ಹತ್ತೀತೇ ಎಂಬುದೊಂದೇ ಅವರ ಭಯವಾಗಿತ್ತು. ಅರ್ಜಿ ಮೊದಲು ನಿಲ್ಲುವುದು ಆ ಹೆಸರಿನ ಹತ್ತಿರವೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ವಯಸ್ಕರು ಓದನ್ನು ಅರ್ಧಕ್ಕೆ ಬಿಡುವುದು ಬುದ್ಧಿ ಸಾಲದೆ ಅಲ್ಲ, ಇಂಥ ಸಣ್ಣ ತಡೆಗಳಲ್ಲಿ ಜೊತೆಗೆ ಯಾರೂ ಇಲ್ಲದೆ ಎಂಬುದು ನಾನು ಕಂಡುಕೊಂಡದ್ದು. ಆದ್ದರಿಂದ ಸಹಾಯಕ್ಕೆ ನಿಲ್ಲುವವರು ಧೈರ್ಯದ ಮಾತನ್ನು ಬದಿಗಿಟ್ಟು ಕಾಗದಗಳಿಂದ ಆರಂಭಿಸುವುದು ಒಳ್ಳೆಯದು.

ಎಲ್ಲ ದಾಖಲೆಗಳನ್ನೂ ಚಾಪೆಯ ಮೇಲೆ ಸಾಲಾಗಿ ಹರಡಿ, ಹೆಸರು, ಇನಿಷಿಯಲ್, ಜನ್ಮದಿನಾಂಕ ಮತ್ತು ತಂದೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ದೂರಶಿಕ್ಷಣಕ್ಕೆ ಸೇರಲು ಈಗ ಎಬಿಸಿ ಐಡಿ (ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳ ಲೆಕ್ಕವಿಡುವ ಖಾತೆಯ ಸಂಖ್ಯೆ) ಮತ್ತು ಯುಜಿಸಿ, ಅಂದರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗ ಕೊಡುವ ಡೆಬ್ ಐಡಿ (ದೂರಶಿಕ್ಷಣದ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಬೇಕು. ಇವಕ್ಕೆ ಆಧಾರ್ ಅಡಿಪಾಯವಾಗಿರುವುದರಿಂದ ವ್ಯತ್ಯಾಸವಿದ್ದರೆ ಮೊದಲೇ ಸರಿಪಡಿಸಿಕೊಳ್ಳಬೇಕು. ಹಳೆಯ ಮಾರ್ಕ್ಸ್ ಕಾರ್ಡನ್ನು ತಿದ್ದಿಸುವುದಕ್ಕಿಂತ ಆಧಾರ್‌ನಲ್ಲಿ ಹೆಸರು ಬದಲಿಸುವುದು ಸಾಮಾನ್ಯವಾಗಿ ಸುಲಭ. ಇನ್ನೊಂದು ಸಣ್ಣ ವಿಷಯ: ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾರ ಜೇಬಿನಲ್ಲಿದೆ ಎಂದು ಕೇಳಿ. ನಮ್ಮ ಕಡೆ ಹೆಂಗಸರ ಸಂಖ್ಯೆ ಗಂಡನದೋ ಮಗನದೋ ಆಗಿರುವುದು ಹೆಚ್ಚು; ಒಟಿಪಿ ಬಂದಾಗ ಆ ಮಗ ಬೆಂಗಳೂರಿನಲ್ಲಿರುತ್ತಾನೆ.

ಕಾಗದ ಸರಿಯಾದ ಮೇಲೆ ಎಲ್ಲಿಗೆ ಸೇರಬೇಕೆಂಬ ಪ್ರಶ್ನೆ ಬರುತ್ತದೆ. ಹತ್ತನೇ ತರಗತಿಯೇ ಆಗಿಲ್ಲದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಬರೆಯಬಹುದು. ಅಲ್ಲಿ ಒಂದು ನೋಂದಣಿ 5 ವರ್ಷ ಉಳಿಯುತ್ತದೆ, ಒಮ್ಮೆಗೆ ಒಂದೇ ವಿಷಯವನ್ನಾದರೂ ಪಾಸು ಮಾಡಿಕೊಂಡು ಹೋಗಬಹುದು. ಪಿಯುಸಿ ಬಾಕಿಯಿರುವವರಿಗೆ ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯಿದೆ. ಪಿಯುಸಿ ಇಲ್ಲದೆ ನೇರವಾಗಿ ಡಿಗ್ರಿ ಕೊಡಿಸುತ್ತೇವೆ ಎನ್ನುವವರ ಮಾತನ್ನು ಮಾತ್ರ ಕೇಳಲೇಬೇಡಿ. ಪದವಿಗೆ 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ, ಅದರ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. 1985ರಿಂದ ಇರುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ ಕೂಡ ಇದೆ. ದಿನವೂ ತರಗತಿಗೆ ಹೋಗಬಲ್ಲವರು ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಕಾಲೇಜುಗಳನ್ನು ವಿಚಾರಿಸಬಹುದು. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳೂ ಅದೇ ವ್ಯಾಪ್ತಿಗೆ ಬರುತ್ತವೆ. ಕೈಕೆಲಸದ ಸರ್ಟಿಫಿಕೇಟು ಸಾಕೆನ್ನುವವರು ಐಟಿಐ ಕಡೆಗೂ ಒಮ್ಮೆ ನೋಡಬೇಕು.

ಸೇರುವ ಮುನ್ನ ಆ ಕೋರ್ಸಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೀವೇ ಕಣ್ಣಾರೆ ನೋಡಬೇಕು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೂ ಕೆಲವು ವರ್ಷ ಮಾನ್ಯತೆ ತಪ್ಪಿಹೋಗಿ 2018ರಲ್ಲಿ ಮರಳಿ ಸಿಕ್ಕಿತು ಎಂಬುದನ್ನು ನೆನಪಿಟ್ಟರೆ ಈ ಪರಿಶೀಲನೆ ಅತಿಯಾಯಿತೆನಿಸುವುದಿಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಯುಜಿಸಿ ಒಪ್ಪುವುದಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತು ಏನೇ ಹೇಳಲಿ.

ಇನ್ನು ಸಮಯದ ಲೆಕ್ಕ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು, ಹಾಗಾಗಿ 4 ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ. ಇಪ್ಪತ್ತು ವಾರಗಳಲ್ಲಿ ಮುಗಿಸಬೇಕೆಂದರೆ ವಾರಕ್ಕೆ 6 ಗಂಟೆ. ಐದು ವಿಷಯಗಳನ್ನು ಒಟ್ಟಿಗೆ ಹಿಡಿದರೆ ವಾರಕ್ಕೆ 30. ಬೆಳಗಿನ ಜಾವ ಭಟ್ಟಿಯ ಬೆಂಕಿಯ ಮುಂದೆ ನಿಂತು, ಮಧ್ಯಾಹ್ನ ಮನೆಗೆ ಬಂದು ಅಡುಗೆಗಿಡುವವರಿಗೆ ಇದು ಆಗದ ಮಾತು. ಆದರೆ ಮೂರು ವರ್ಷದ ಇಗ್ನೋ ಪದವಿಯನ್ನು ಮುಗಿಸಲು 6 ವರ್ಷದವರೆಗೆ ಅವಕಾಶವಿದೆ. ಕಾರ್ಯಕ್ರಮ ಯಾವುದೇ ಆಗಿರಲಿ, ಗರಿಷ್ಠ ಅವಧಿ ಎಷ್ಟೆಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಂಡು, ಆ ಅವಧಿಯನ್ನು ಸಂಕೋಚವಿಲ್ಲದೆ ಬಳಸಿಕೊಳ್ಳುವಂತೆ ಅವರಿಗೆ ಹೇಳಬೇಕು. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ ಬಂದರೆ, ಡಿಸೆಂಬರಿನ ಹಿಂದಿನ ವಾರಗಳಲ್ಲಿ ಭದ್ರಾ ಅಚ್ಚುಕಟ್ಟಿನ ಭತ್ತದ ಕೊಯ್ಲೂ ಮೆಕ್ಕೆಜೋಳದ ಒಕ್ಕಣೆಯೂ ಇರುತ್ತವೆ. ಹೊಲದ ಕೆಲಸವಿರುವವರು ಆ ಸಲ ಕಡಿಮೆ ವಿಷಯ ಬರೆದು ಜೂನ್‌ಗೆ ಹೆಚ್ಚಿಟ್ಟುಕೊಳ್ಳುವುದು ಸೋಮಾರಿತನವಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಕೈಚೆಲ್ಲುವುದು ಮೊದಲ ಅಸೈನ್‌ಮೆಂಟಿನಲ್ಲಿ. ಇಗ್ನೋದಲ್ಲಿ ಅಸೈನ್‌ಮೆಂಟಿಗೆ ಬಹುತೇಕ ಶೇ. 30ರಷ್ಟು ತೂಕವಿರುತ್ತದೆ. ಆದರೆ ತೊಂದರೆ ಅಂಕದ್ದಲ್ಲ, ಖಾಲಿ ಹಾಳೆಯದು. ಆ ಮಹಿಳೆ ಅರ್ಥಶಾಸ್ತ್ರದ ಬೇಡಿಕೆಯ ನಿಯಮದ (ಬೆಲೆ ಏರಿದರೆ ಕೊಳ್ಳುವುದು ಇಳಿಯುತ್ತದೆ ಎಂಬುದರ) ಪ್ರಶ್ನೆಗೆ ಸಿದ್ಧಪಾಠದ ಎರಡು ಪುಟವನ್ನು ಹಾಗೇ ನಕಲು ಮಾಡಿ ತಂದಿದ್ದರು. ಪುಸ್ತಕ ಮುಚ್ಚಿಸಿ, ನಿಮ್ಮ ಭಟ್ಟಿಯಲ್ಲಿ ರೇಟು ಏರಿದಾಗ ಏನಾಗುತ್ತದೆ ಎಂದು ಕೇಳಿದೆ. “ಎರಡು ಸೇರು ಒಯ್ಯೋರು ಒಂದೇ ಒಯ್ತಾರ್ರೀ” ಎಂದರು. ನಾನು ಅದನ್ನೇ ಬರೆದುಕೊಂಡೆ. ಸ್ವಲ್ಪ ತಡೆದು, “ಆದ್ರೆ ದುಗ್ಗಮ್ಮನ ಜಾತ್ರ್ಯಾಗ ರೇಟು ಏರಿದ್ರೂ ಒಯ್ತಾರಲ್ಲ?” ಎಂದು ಅವರೇ ಕೇಳಿದರು. ‘ಇತರ ಅಂಶಗಳು ಸ್ಥಿರವಾಗಿದ್ದಾಗ’ ಎಂಬ ಮಾತು ಆ ಪುಸ್ತಕದಲ್ಲಿ ಏಕಿದೆ ಎಂಬುದು ಆ ಪ್ರಶ್ನೆಯಿಂದಲೇ ಅವರಿಗೆ ತಿಳಿಯಿತು; ನಕಲು ಮಾಡುವಾಗ ಅವರು ಆ ಸಾಲನ್ನೇ ಬಿಟ್ಟಿದ್ದರು. ಹೀಗೆ ಮೊದಲ ಒಂದೆರಡು ಉತ್ತರಗಳನ್ನು ಬಾಯಲ್ಲಿ ಹೇಳಿಸಿ, ನೀವು ಬರೆದುಕೊಂಡದ್ದನ್ನು ಅವರ ಕೈಗೇ ಕೊಟ್ಟು, ಗ್ರಂಥಸ್ಥ ಕನ್ನಡಕ್ಕೆ ಅವರೇ ತಿರುಗಿಸುವಂತೆ ಮಾಡಿ. ಉತ್ತರವನ್ನು ನೀವೇ ಬರೆದುಕೊಡುವ ಆಸೆ ಬರುತ್ತದೆ, ಅದಕ್ಕೆ ಮಾತ್ರ ಬಲಿಯಾಗಬೇಡಿ, ಏಕೆಂದರೆ ಪರೀಕ್ಷೆಯ ಕೊಠಡಿಯಲ್ಲಿ ಪೆನ್ನು ಅವರ ಕೈಯಲ್ಲೇ ಇರುತ್ತದೆ.

ಮನೆಯವರ ಜೊತೆಗೂ ಒಮ್ಮೆ ಮಾತಾಡಬೇಕು. ‘ಸಹಕರಿಸಿ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಏನೂ ಆಗುವುದಿಲ್ಲ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಏಳರಿಂದ ಒಂಬತ್ತರವರೆಗೆ ಅಡುಗೆ ಯಾರದು ಎಂದು ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ. ಕೆಲಸ ಕೊಟ್ಟವರಿಗೆ ಪರೀಕ್ಷೆಯ ವೇಳಾಪಟ್ಟಿಯ ಪ್ರತಿಯನ್ನು ಬಂದ ದಿನವೇ ಮುಟ್ಟಿಸಿ. ಜಗಳೂರು, ಮೊಳಕಾಲ್ಮುರು ಕಡೆಯಿಂದ ಬರುವವರು ಪರೀಕ್ಷಾ ಕೇಂದ್ರವನ್ನು ಮುಂಚೆಯೇ ಒಮ್ಮೆ ನೋಡಿಕೊಂಡು, ಬೆಳಗಿನ ಮೊದಲ ಬಸ್ಸು ತಪ್ಪಿದರೆ ಮುಂದೇನು ಎಂಬುದನ್ನೂ ಯೋಚಿಸಿಟ್ಟಿರಬೇಕು.

ಕೊನೆಯ ಸೆಮಿಸ್ಟರ್ ಪಾಸಾದ ಕೂಡಲೇ ಕೆಲಸ ಮುಗಿಯಿತೆಂದು ಹಲವರು ನಿಂತುಬಿಡುತ್ತಾರೆ. ಅಂಕಪಟ್ಟಿ ಬೇರೆ, ಪದವಿ ಪ್ರಮಾಣಪತ್ರ ಬೇರೆ. ಎರಡನೆಯದಕ್ಕೆ ಘಟಿಕೋತ್ಸವದ ಶುಲ್ಕ ಕಟ್ಟಿ ಪ್ರತ್ಯೇಕವಾಗಿ ಅರ್ಜಿ ಹಾಕಬೇಕಾಗುತ್ತದೆ, ಅಲ್ಲಿಯವರೆಗೆ ತಾತ್ಕಾಲಿಕ ಪ್ರಮಾಣಪತ್ರವನ್ನು ಪಡೆದಿಟ್ಟುಕೊಳ್ಳಬೇಕು. ಕೈಗೆ ಬಂದ ದಿನವೇ ಅದರ ಮೇಲಿನ ಹೆಸರನ್ನು ಮತ್ತೊಮ್ಮೆ ಅಕ್ಷರಕ್ಕೆ ಅಕ್ಷರ ಓದಿ. ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಲು ಓಡುವವರನ್ನು ಅಂಗಡಿಯ ಬಾಗಿಲಲ್ಲೇ ತಡೆಯಿರಿ, ಲ್ಯಾಮಿನೇಟ್ ಆದ ಮೂಲಪ್ರತಿಯ ಮೇಲೆ ಮುಂದೆ ದೃಢೀಕರಣದ ಮೊಹರು ಹಾಕಲು ಬರುವುದಿಲ್ಲ.