ಶರತ್ಕಾಲದಲ್ಲಿ ನೀರು ಹರಿಯುವ ದಿಕ್ಕಿನಲ್ಲಿ ಕೆರೆ ಸುತ್ತುವುದು

ಒಂಬತ್ತು ವರ್ಷಗಳಿಂದ ಆಶ್ವಯುಜ ಮತ್ತು ಕಾರ್ತಿಕ ಮಾಸಗಳಲ್ಲಿ ನಾನು ಬೆಂಗಳೂರಿನ ಜಕ್ಕೂರು ಕೆರೆಯ ದಡದಲ್ಲಿ ನಡೆಯುತ್ತಿದ್ದೇನೆ. ಮೊದಲ ಎರಡು ವರ್ಷ ಅದು ಬರಿಯ ವ್ಯಾಯಾಮವಾಗಿತ್ತು. ದಿನಕ್ಕೊಂದು ಗಂಟೆ ನಡೆಯಬೇಕೆಂದು ವೈದ್ಯರು ಹೇಳಿದ್ದರು. ಗೇಟಿನಿಂದ ಹೊರಟು ಅರ್ಧ ಗಂಟೆ ನಡೆದು ಅದೇ ದಾರಿಯಲ್ಲಿ ಹಿಂದಿರುಗುತ್ತಿದ್ದೆ. ಒಂದು ಬೆಳಿಗ್ಗೆ ಮೀನು ಹಿಡಿದು ದಡಕ್ಕೆ ಬಂದಿದ್ದವನೊಬ್ಬ ಹರಿಗೋಲನ್ನು ಮೇಲಕ್ಕೆಳೆಯುತ್ತಾ, "ದಿನಾ ಬರ್ತೀರಲ್ಲಮ್ಮಾ, ಕೆರೆ ಕೋಡಿ ಬಿದ್ದಿದೆ, ನೋಡಿದ್ರಾ?" ಎಂದು ಕೇಳಿದ. ಕೋಡಿ ಯಾವ ಕಡೆಗಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ನಾನು ಕೋಲಾರದ ಕಡೆಯ ಹಳ್ಳಿಯಲ್ಲಿ ಬೆಳೆದವಳು. ಊರ ಕೆರೆ ಕೋಡಿ ಬಿದ್ದ ದಿನ ಅಜ್ಜಿಯ ಸೆರಗು ಹಿಡಿದು ಬಾಗಿನ ಬಿಡುವುದನ್ನು ನೋಡಲು ಹೋಗಿದ್ದವಳು. ಅಂಥವಳು ಎರಡು ವರ್ಷ ಒಂದು ಕೆರೆಯ ಪಕ್ಕದಲ್ಲೇ ನಡೆದೂ ಅದರ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಲಿಲ್ಲವಲ್ಲ ಎಂದು ಅಂದು ಬಹಳ ನೊಂದುಕೊಂಡೆ. ಮರುದಿನದಿಂದಲೇ ನಡಿಗೆಯ ಕ್ರಮವನ್ನು ಬದಲಿಸಿ, ನೀರು ಕೆರೆಯ ಒಳಗೆ ಬರುವ ಕಡೆಯಿಂದ ಹೊರಟು, ಅದು ಹೋಗುವ ದಿಕ್ಕಿನಲ್ಲೇ ನಡೆದು, ಕೋಡಿಯ ಬಳಿ ನಿಲ್ಲುವುದನ್ನು ರೂಢಿಸಿಕೊಂಡೆ.

ಈ ಬಗೆಯ ನಡಿಗೆಗೆ ಶರತ್ಕಾಲವೇ ತಕ್ಕ ಕಾಲ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ; ಮುಂಗಾರು ಮುಗಿಯುತ್ತಾ ಹಿಂಗಾರು ಆರಂಭವಾಗುವ ಹೊತ್ತಿಗೆ ಕೆರೆಗಳು ತುಂಬಿರುತ್ತವೆ. ನಮ್ಮ ಮರಗಳು ಎಲೆ ಉದುರಿಸುವುದು ಬಹುಮಟ್ಟಿಗೆ ಶಿಶಿರದಲ್ಲಾದ್ದರಿಂದ ಈಗ ದಡವೆಲ್ಲ ಹಸಿರಾಗಿಯೇ ಇರುತ್ತದೆ. ಉದುರುವುದೆಂದರೆ ಆಕಾಶಮಲ್ಲಿಗೆಯ ಹೂವು ಮಾತ್ರ. ಕೆರೆಗೆ ಹೋಗುವ ದಾರಿಯಲ್ಲಿ ನಸುಕಿನಲ್ಲೇ ಅದು ಹಾಸಿಕೊಂಡಿರುತ್ತದೆ. ಉದ್ದನೆಯ ಬಿಳಿ ತೊಟ್ಟಿನ ಆ ಹೂಗಳನ್ನು ಒಂದು ಹಿಡಿ ಆಯ್ದುಕೊಳ್ಳದೆ ನಾನು ಮುಂದೆ ಹೋಗುವುದಿಲ್ಲ.

ಜಕ್ಕೂರು ಕೆರೆಯ ವಿಸ್ತೀರ್ಣ ಸುಮಾರು 160 ಎಕರೆ. ಉತ್ತರದ ತುದಿಯಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಮೊದಲಿಗೆ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದಿಂದ ಆರಂಭವಾದ ಈ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಸೇರದೆ, ಜೊಂಡು, ಆಪು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸಾಗಿ, ತನ್ನಲ್ಲಿ ಉಳಿದಿರುವ ಸಾರಜನಕ ಮತ್ತು ರಂಜಕದ ಒಂದಂಶವನ್ನು ಆ ಗಿಡಗಳಿಗೆ ಬಿಟ್ಟುಕೊಟ್ಟು ಆಮೇಲೆ ಕೆರೆಯನ್ನು ಮುಟ್ಟುತ್ತದೆ. ಮಳೆಗಾಲ ಸೋತ ವರ್ಷದಲ್ಲೂ ಇಲ್ಲಿ ನೀರು ನಿಂತಿರುವುದಕ್ಕೆ ಇದೇ ಕಾರಣ. ನಾನು ಬೆಳಿಗ್ಗೆ ಆರೂಕಾಲಿನ ಹೊತ್ತಿಗೆ ಇಲ್ಲಿಗೆ ಬಂದು ಮೊದಲು ಮಾಡುವ ಕೆಲಸ ವಾಸನೆ ನೋಡುವುದು. ಒಣ ಹವೆಯ ದಿನ ಹಸಿ ಹುಲ್ಲಿನ ಮತ್ತು ಕೆಸರಿನ ವಾಸನೆ ಮಾತ್ರ ಇರುತ್ತದೆ. ರಾತ್ರಿ ಜೋರು ಮಳೆ ಬಂದಿದ್ದರೆ ರಾಜಕಾಲುವೆಯಲ್ಲಿ ಕೊಚ್ಚಿಕೊಂಡು ಬಂದದ್ದೆಲ್ಲ ಜೊಂಡಿನ ಬುಡದಲ್ಲಿ ಸಿಕ್ಕಿಕೊಂಡು, ನೀರು ಬೂದು ಬಣ್ಣಕ್ಕೆ ತಿರುಗಿ, ಸಣ್ಣಗೆ ನೊರೆಯೂ ಏಳುತ್ತದೆ. ಅಂಥ ದಿನ ಮನಸ್ಸಿಗೆ ಬಹಳ ಕಷ್ಟವಾಗುತ್ತದೆ. ಆದರೂ ಈ ತುದಿಯನ್ನು ಬಿಟ್ಟು ಚೆಂದದ ಕಡೆಗಷ್ಟೇ ಹೋಗುವುದು ನನ್ನಿಂದ ಆಗದು. ಕೆರೆಯ ಆರೋಗ್ಯ ಗೊತ್ತಾಗುವುದೇ ಇಲ್ಲಿ.

ಅಲ್ಲಿಂದ ಬೆಳಗಿನ ಹೊತ್ತು ಪೂರ್ವದ ದಡವನ್ನೇ ಹಿಡಿಯುತ್ತೇನೆ. ಸೂರ್ಯ ಬೆನ್ನ ಹಿಂದಿರುವುದರಿಂದ ನೀರಿನ ಮೇಲಿರುವುದೆಲ್ಲ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪಶ್ಚಿಮದ ದಡದಲ್ಲಿ ನಿಂತರೆ ಕಣ್ಣು ಕುಕ್ಕಿ ಎಲ್ಲ ಹಕ್ಕಿಗಳೂ ಕಪ್ಪು ಚುಕ್ಕೆಗಳಾಗುತ್ತವೆ. ಸಂಜೆ ಇದಕ್ಕೆ ತದ್ವಿರುದ್ಧ. ಹೆಜ್ಜಾರ್ಲೆ, ನೀರುಕಾಗೆ, ನಾಮದಕೋಳಿ, ಗುಳುಮುಳುಕಗಳನ್ನು ಕಾಣದ ದಿನವಿಲ್ಲ. ಆದರೆ ನಾನು ಕಾಯುವುದು ಸಿಪಿಲೆಗಾಗಿ. ಉತ್ತರದ ಚಳಿಯ ನಾಡುಗಳಿಂದ ಬರುವ ಈ ಪುಟ್ಟ ಹಕ್ಕಿ ದಡದ ಕಲ್ಲಿನ ಮೇಲೆ ಇಳಿದು, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ನಾಲ್ಕು ಹೆಜ್ಜೆ ಓಡಿ, ನಿಂತು, ಮತ್ತೆ ಓಡುವುದನ್ನು ಕಂಡ ದಿನಾಂಕವನ್ನು ಪ್ರತಿ ವರ್ಷ ನನ್ನ ಪುಸ್ತಕದಲ್ಲಿ ಬರೆದಿಡುತ್ತೇನೆ.

ಮೀನುಗಾರರು ಹರಿಗೋಲು ನಿಲ್ಲಿಸುವ ಕಡೆ ನನ್ನ ನಡಿಗೆ ತಾನಾಗಿ ನಿಲ್ಲುತ್ತದೆ. ಬುಟ್ಟಿಯಂತೆ ದುಂಡಗಿರುವ ಅದರಲ್ಲಿ ಒಬ್ಬನೇ ಮುಂದಕ್ಕೆ ಬಾಗಿ ಕುಳಿತು, ಒಂದೇ ಹುಟ್ಟನ್ನು ಎಂಟರ ಆಕಾರದಲ್ಲಿ ತಿರುಗಿಸುತ್ತಾ ಅದು ಗಿರಕಿ ಹೊಡೆಯದಂತೆ ನೇರವಾಗಿ ದಡಕ್ಕೆ ತರುವ ಕೌಶಲವನ್ನು ಎಷ್ಟು ನೋಡಿದರೂ ಸಾಲದು. ದಡಕ್ಕೆ ಬಂದ ಮೇಲೆ ಬಲೆಯನ್ನು ಮೊಣಕಾಲಿನ ಮೇಲೆ ಹರಡಿಕೊಂಡು, ಕಿವಿರು ಸಿಕ್ಕಿಕೊಂಡ ಮೀನನ್ನು ಒಂದು ಎಳೆಯೂ ಹರಿಯದಂತೆ ಹೆಬ್ಬೆರಳಿನಿಂದ ಬಿಡಿಸುತ್ತಾರೆ. ಕಾಟ್ಲಾ, ರೋಹು ಒಂದು ಕಡೆ, ಜಿಲೇಬಿ ಮೀನು ಇನ್ನೊಂದು ಕಡೆ. ನಾನು ಮೀನು ತಿನ್ನುವವಳಲ್ಲ. ಆದರೂ ತೂಕ ಮುಗಿಯುವವರೆಗೆ ಅಲ್ಲೇ ಇರುತ್ತೇನೆ. ಹಿಂದಿನ ದಿನ ಯಾವ ಕಡೆಯಿಂದ ಗಾಳಿ ಬೀಸಿತು, ಅಂತರಗಂಗೆ ಎತ್ತ ಸರಿಯಿತು, ನೀರು ಎಷ್ಟು ಏರಿತು ಎಂಬುದನ್ನೆಲ್ಲ ಅವರಷ್ಟು ಖಚಿತವಾಗಿ ನನಗೆ ಹೇಳಿದವರು ಬೇರೆ ಇಲ್ಲ.

ನಾಲ್ಕನೆಯ ವರ್ಷ ದೀಪಾವಳಿಗೆ ಮುಂಚೆ ಮಳೆ ಸುರಿದ ಮರುದಿನ ಸಾಮಾನ್ಯ ಚಪ್ಪಲಿ ಹಾಕಿಕೊಂಡು ಏರಿಯಿಂದ ಕೆಳಗಿಳಿಯಲು ಹೋಗಿ, ಪಾಚಿಯ ಕಲ್ಲಿನ ಮೇಲೆ ಜಾರಿ ಮಣಿಕಟ್ಟು ಉಳುಕಿಸಿಕೊಂಡೆ. ಆ ಕಾರ್ತಿಕವಿಡೀ ಮನೆಯಲ್ಲೇ ಕಳೆಯಬೇಕಾಯಿತು. ಆಗಿನಿಂದ ಹಿಡಿತವಿರುವ ಅಡಿಯ ಬೂಟು ಮತ್ತು ಒಂದು ಬಿದಿರಿನ ಕೋಲು ಇಲ್ಲದೆ ಹೊರಡುವುದಿಲ್ಲ. ಸಂಜೆ ಹೋಗುವವರು ನಾಲ್ಕೂವರೆಗೇ ಹೊರಡುವುದು ಒಳ್ಳೆಯದು. ನವೆಂಬರಿನಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಕತ್ತಲಾದ ಮೇಲೆ ಏರಿಯ ಮೇಲೆ ಹಾವುಗಳ ಓಡಾಟವೂ ಇರುತ್ತದೆ.

ನಗರದ ನಡುವೆ ಇರುವವರು ಸ್ಯಾಂಕಿ ಕೆರೆಗೋ ಹಲಸೂರು ಕೆರೆಗೋ ಹೋಗಬಹುದು. 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆಯ ಕಾಲುದಾರಿ ಅಚ್ಚುಕಟ್ಟಾಗಿದೆ, ವಯಸ್ಸಾದವರಿಗೆ ಅನುಕೂಲ. ಹಲಸೂರಿನಲ್ಲಿ ದ್ವೀಪಗಳಿವೆ. ಎರಡೂ ಕಡೆ ನಡೆದಿದ್ದೇನೆ, ಸಂತೋಷಪಟ್ಟಿದ್ದೇನೆ. ಆದರೆ ನೀರಿನ ದಾರಿಯನ್ನು ಕಾಲ್ನಡಿಗೆಯಲ್ಲಿ ಹಿಂಬಾಲಿಸುವುದು ಅಲ್ಲಿ ನನ್ನಿಂದಾಗಲಿಲ್ಲ. ನದಿಯಿಲ್ಲದ, ದಿಬ್ಬದ ಮೇಲಿರುವ ಈ ಊರಿನಲ್ಲಿ ಹಿಂದಿನವರು ಒಂದು ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಸರಪಳಿಯಾಗಿ ಕೆರೆಗಳನ್ನು ಕಟ್ಟಿದರು. ಆ ಕೊಂಡಿಗಳಲ್ಲಿ ಅನೇಕವು ಹೋಗಿವೆ. ಧರ್ಮಾಂಬುಧಿ ಕೆರೆಯಿದ್ದ ಕಡೆ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ.

ಜಕ್ಕೂರಿನಲ್ಲಿ ಆ ಕೊಂಡಿ ಇನ್ನೂ ಉಳಿದಿದೆ. ದಕ್ಷಿಣದ ಏರಿಗೆ ಬಂದು, ನೀರಿನಿಂದ ಮೇಲಕ್ಕೆ ಎಷ್ಟು ಸಾಲು ಕಲ್ಲು ಕಾಣುತ್ತದೆಂದು ಎಣಿಸಿ ಬರೆದುಕೊಳ್ಳುತ್ತೇನೆ. ಕಳೆದ ಕಾರ್ತಿಕ ಹುಣ್ಣಿಮೆಯ ಬೆಳಿಗ್ಗೆ ಕೋಡಿಯ ಮೇಲೆ ಎರಡು ಬೆರಳಿನಷ್ಟು ನೀರು ಹರಿಯುತ್ತಿತ್ತು. ಕೈಯಲ್ಲಿದ್ದ ಆಕಾಶಮಲ್ಲಿಗೆಯನ್ನು ಅದರಲ್ಲಿ ಬಿಟ್ಟು, ಅಂದು ಮನೆಗೆ ತಿರುಗದೆ, ಆ ನೀರು ಹೋಗಿ ಸೇರುವ ರಾಚೇನಹಳ್ಳಿ ಕೆರೆಯ ಕಡೆಗೆ ನಡೆದೆ.