40 ಲೀಟರ್ ಡೀಸೆಲ್ ಕುಡಿದ ಮಣ್ಣು

ಮಂಡ್ಯದ ಹತ್ತಿರ ನಮ್ಮದೊಂದು ಸಣ್ಣ ಆಲೆಮನೆ ಇದೆ. ಕರೆಂಟು ಕೈಕೊಟ್ಟಾಗ ಗಾಣ ಓಡಿಸಲು ಡೀಸೆಲ್ ಎಂಜಿನ್. ದೀಪಾವಳಿ ಮುಗಿದ ವಾರ ಡ್ರಮ್ಮಿನ ನಲ್ಲಿ ಸಡಿಲವಾಗಿ ರಾತ್ರಿಯಿಡೀ ಸೋರಿತ್ತು. ಬೆಳಿಗ್ಗೆ ಕೋಲು ಇಳಿಸಿ ನೋಡಿದರೆ ಹೆಚ್ಚುಕಮ್ಮಿ 40 ಲೀಟರ್ ಕಾಣೆ. ಕೆಮ್ಮಣ್ಣು ಕಪ್ಪಗಾಗಿತ್ತು. ಮೇಲೆ ನೀರು ಹಾಕಿದರೆ ಇಂಗಲಿಲ್ಲ, ಕೆಸುವಿನೆಲೆ ಮೇಲಿನ ಹನಿಯಂತೆ ಉರುಳಿತು.

ಪಕ್ಕದ ಹೊಲದ ಅಣ್ಣ ಬಂದು ನೋಡಿ, "ಬೆಂಕಿ ಇಕ್ಬುಡಪ್ಪ, ಸುಟ್ಟೋಯ್ತದೆ" ಅಂದರು. ಇನ್ನೊಬ್ಬರು ಸೋಪಿನ ಪುಡಿ ಹಾಕಿ ತೊಳೆ ಅಂದರು. ಎರಡೂ ಬೇಡ ಅಂದೆ. ಬೆಂಕಿ ಹಚ್ಚಿದರೆ ಮೇಲಿನದಷ್ಟೇ ಉರಿಯುತ್ತದೆ, ಪಕ್ಕದಲ್ಲೇ ತರಗಿನ ರಾಶಿ ಬೇರೆ. ಸೋಪು ನೀರು ಡೀಸೆಲ್ಲನ್ನು ಇನ್ನೂ ಕೆಳಗೆ ಇಳಿಸುತ್ತದೆ. ನಮ್ಮ ಬಾವಿ ಅಲ್ಲಿಂದ ಮೂವತ್ತು ಮಾರು ದೂರವೂ ಇಲ್ಲ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ನೀರು ಬಿಟ್ಟರೆ ಬಾವಿ ನೀರು ಮೇಲೆ ಬರುತ್ತದೆ. ಡೀಸೆಲ್ ಆ ನೀರಿಗೆ ಸೇರೀತು, ನನಗಿದ್ದ ಭಯ ಅದೊಂದೇ.

ನಿಂತಿದ್ದ ಡೀಸೆಲ್ ಮೇಲೆ ಮೊದಲು ಕಬ್ಬಿನ ಸಿಪ್ಪೆಯ ಪುಡಿ ಸುರಿದು ಹೀರಿಸಿದೆ. ಆ ಸಿಪ್ಪೆಯನ್ನು ಒಲೆಗೆ ಹಾಕೋಣ ಅಂತ ಆಳುಗಳಿಗೆ ಆಸೆ. ಭಗ್ ಅಂತ ಹತ್ತಿಕೊಂಡರೆ ಯಾರು ಹೊಣೆ, ಅಲ್ವಾ? ಅದನ್ನೂ ಎತ್ತಿಟ್ಟೆ. ಆಮೇಲೆ ವಾಸನೆ ನಿಲ್ಲುವವರೆಗೆ ಅಗೆದೆವು. ಒಂದೂಕಾಲು ಅಡಿ ಹೋಯಿತು. ದಪ್ಪ ಟಾರ್ಪಾಲ್ ಹಾಸಿ, ಸುತ್ತ ಬದು ಕಟ್ಟಿ, ಅದರ ಮೇಲೆ ಮಣ್ಣನ್ನು ಒಂದೂವರೆ ಅಡಿ ಎತ್ತರಕ್ಕೆ ಹರಡಿದೆವು. ಮಳೆ ಬಂದರೆ ಮುಚ್ಚಲು ಇನ್ನೊಂದು ಟಾರ್ಪಾಲ್.

ಡೀಸೆಲ್ ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಲ್ಲೇ ಇರುತ್ತವೆ. ಬಾಟಲಿಯಲ್ಲಿ ಕೊಂಡು ತರಬೇಕಾಗಿಲ್ಲ. ಅವಕ್ಕೆ ಗಾಳಿ, ತೇವ, ಸಾರಜನಕ ಕೊಟ್ಟರೆ ಸಾಕು. ಮೂರು ಮಂಕರಿ ಮಣ್ಣಿಗೆ ಒಂದು ಮಂಕರಿ ಕೊಟ್ಟಿಗೆ ಗೊಬ್ಬರ ಮತ್ತು ಹಳೆಯ ಪ್ರೆಸ್‌ಮಡ್ ಬೆರೆಸಿದೆ. ಪ್ರೆಸ್‌ಮಡ್ ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿ ಉಳಿದ ಮಡ್ಡಿ. ಕಾರ್ಖಾನೆಯಿಂದ ಆಗಷ್ಟೇ ಬಂದ ಪ್ರೆಸ್‌ಮಡ್ ಕಾವೇರುತ್ತದೆ, ಹಾಗಾಗಿ ವರ್ಷ ಕಳೆದದ್ದನ್ನೇ ತಂದೆ. ಮಣ್ಣು ಸಡಿಲವಾಗಿರಲಿ ಅಂತ ಎತ್ತಿಟ್ಟಿದ್ದ ಸಿಪ್ಪೆಯನ್ನೂ ಅದಕ್ಕೇ ಸೇರಿಸಿದೆ. ಸಿಪ್ಪೆ ಜಾಸ್ತಿಯಾದರೆ ಅದೇ ಕೊಳೆಯಲು ಸಾರಜನಕ ಎಳೆದುಕೊಳ್ಳುತ್ತದೆ. ಅದಕ್ಕೇ ಹೊಸದಾಗಿ ಹಾಕಲಿಲ್ಲ.

ಜೀವಿಗಳಿಗೆ ಬೇಕಾದ ಗೊಬ್ಬರದ ಲೆಕ್ಕ ಹೀಗೆ. 40 ಲೀಟರ್ ಡೀಸೆಲ್ ಅಂದರೆ ಸುಮಾರು 33 ಕೆಜಿ. ಅದರಲ್ಲಿ ಇಂಗಾಲ 28 ಕೆಜಿ. 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ ಅನ್ನುವುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆ. 2.8 ಕೆಜಿ ಸಾರಜನಕ ಬೇಕು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಹಾಗಾಗಿ ಯೂರಿಯಾ 6 ಕೆಜಿ. ರಂಜಕಕ್ಕೆ ಒಂದೂವರೆ ಕೆಜಿ ಡಿಎಪಿ ಗೊಬ್ಬರ. ಯೂರಿಯಾ ಎಲ್ಲ ಒಂದೇ ಸಲ ಸುರಿದರೆ ಉಪ್ಪಿನಂಶ ಏರಿ ಜೀವಿಗಳೇ ಸಾಯುತ್ತವೆ. ನಾಲ್ಕು ಕಂತು ಮಾಡಿಕೊಂಡೆ.

ಮೊದಲ ಕಂತು ಸುಮ್ನೆ ಹಾಳಾಯಿತು. ತಪ್ಪು ನನ್ನದೇ. ಆಲೆಮನೆಯಲ್ಲಿ ಬೂದಿಗೇನು ಬರ? ಮಣ್ಣಿಗೆ ಒಳ್ಳೆಯದು ಅಂತ ಎರಡು ಮಂಕರಿ ಬೂದಿ ಹಾಕಿ, ಮೇಲೆ ಯೂರಿಯಾ ನೀರು ಚಿಮುಕಿಸಿದೆ. ಮಾರನೇ ದಿನ ಟಾರ್ಪಾಲ್ ಎತ್ತಿದರೆ ಕಣ್ಣಲ್ಲಿ ನೀರು. ಹಳೇ ಬಚ್ಚಲಿನ ಘಾಟು! ಬೂದಿ ಕ್ಷಾರ, ಅದಕ್ಕೆ ಯೂರಿಯಾ ಸೇರಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಇದು ಗೊತ್ತಿದ್ದೂ ಮಾಡಿದ್ದೆ. ಆಮೇಲೆ ಬೂದಿ ಮುಟ್ಟಲಿಲ್ಲ, ಹಾರಿಹೋದ ಕಂತನ್ನು ಕೊನೆಯಲ್ಲಿ ಮತ್ತೆ ಕೊಟ್ಟೆ.

ವಾರಕ್ಕೊಮ್ಮೆ ಸನಿಕೆಯಲ್ಲಿ ತಿರುವಿ ಹಾಕುವುದೇ ದೊಡ್ಡ ಕೆಲಸ. ತೇವ ನೋಡಲು ಮಣ್ಣನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದೆ. ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಬಾರದು. ನೀರು ಜಾಸ್ತಿಯಾದರೆ ಗಾಳಿ ಆಡುವುದಿಲ್ಲ, ಕೆಲಸ ನಿಲ್ಲುತ್ತದೆ. ಎರಡು ತಿಂಗಳಿಗೆ ವಾಸನೆ ಅರ್ಧ ಆಯಿತು. ತಿರುವುವಾಗ ಗಾಳಿಗೆ ಹೋದದ್ದೂ ಅದರಲ್ಲಿ ಇದ್ದೇ ಇರುತ್ತದೆ, ಎಲ್ಲ ಜೀವಿಗಳೇ ತಿಂದವು ಅನ್ನಲಾರೆ.

ಮಾಮೂಲಿ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಡೀಸೆಲ್ ಎಷ್ಟಿದೆ ಅಂತ ಬರುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಮನೆಯಲ್ಲಿ ನಾನು ಎರಡು ನೋಡುತ್ತಿದ್ದೆ. ಗಾಜಿನ ಲೋಟದ ನೀರಿಗೆ ಒಂದು ಹಿಡಿ ಮಣ್ಣು ಹಾಕಿ, ಮೇಲೆ ಕಾಮನಬಿಲ್ಲಿನ ಪೊರೆ ಕಟ್ಟುತ್ತದಾ ಅಂತ. ಇನ್ನೊಂದು, ಈ ಮಣ್ಣಲ್ಲಿ 20, ಒಳ್ಳೆ ಮಣ್ಣಲ್ಲಿ 20 ಹೆಸರುಕಾಳು ಬಿತ್ತಿ. ಮೊದಲ ತಿಂಗಳು ಇಲ್ಲಿ 5, ಅಲ್ಲಿ 18 ಮೊಳೆತವು. ಐದನೇ ತಿಂಗಳಿಗೆ ಇಲ್ಲಿ 16. ಪೊರೆ ಕಾಣಲಿಲ್ಲ.

ಅವ್ವ ಅಲ್ಲಿ ಅವರೆ ಹಾಕೋಣ ಅಂದಳು. ಬೇಡ ಅಂದೆ. ಕಾಳು ಮೊಳೆತ ಮಾತ್ರಕ್ಕೆ ತಿನ್ನುವ ಬೆಳೆಗೆ ಮಣ್ಣು ಸರಿಹೋಯಿತು ಅಂತಲ್ಲ. ಆ ಮಣ್ಣನ್ನು ಬಾವಿಯಿಂದ ದೂರದ ಬೇಲಿ ಸಾಲಿಗೆ ಹರಡಿ ಹೊಂಗೆ ಸಸಿ ನೆಟ್ಟಿದ್ದೇನೆ. ಡ್ರಮ್ಮು ಈಗ ಸಿಮೆಂಟಿನ ತೊಟ್ಟಿಯೊಳಗೆ ಕೂತಿದೆ. ನಲ್ಲಿ ಬಿಗಿಯಾಗಿದೆಯಾ ಅಂತ ಮಲಗುವ ಮುಂಚೆ ಅವ್ವನೇ ಹೋಗಿ ನೋಡಿ ಬರುತ್ತಾಳೆ.