ಜಾರಿದ ನಡು ಗೆಣ್ಣಿಗೆ ಎರಡು ಇಂಚು ಪೈಪು: ನನ್ನ ಅನುಭವ

ಹೋದ ತಿಂಗಳು ಒಬ್ಬ ವಾಲಿಬಾಲ್ ಹುಡುಗ ಬಂದು ಮುಷ್ಟಿ ಬಿಗಿದು ತೋರಿಸಿದ. ಎಡಗೈ ಉಂಗುರ ಬೆರಳಿನ ತುದಿ ಅಂಗೈಗೆ ಮುಟ್ಟಿತ್ತು. ಬ್ಲಾಕ್ ಮಾಡುವಾಗ ಅದೇ ಬೆರಳಿನ ನಡು ಗೆಣ್ಣು ಹಿಂದಕ್ಕೆ ಜಾರಿ ಆಗ ಹತ್ತು ವಾರವಷ್ಟೇ. ಮೊದಲ ವಾರವೇ ಮಡಚಿಸಲು ಶುರು ಮಾಡುತ್ತೇನೆ ಅಂದಾಗ ನನ್ನ ಜೊತೆ ಫಿಸಿಯೋಥೆರಪಿ ಓದಿದವರೇ ‘ಮತ್ತೆ ಜಾರಿದರೆ ಯಾರು ಹೊಣೆ?’ ಅಂದಿದ್ದರು. ಅವರಿಗೂ ಆ ಮುಷ್ಟಿಯ ಫೋಟೋ ಕಳಿಸಿದೆ.

ಆ ಭಯ ನನಗೂ ಇತ್ತು. ಆರೇಳು ವರ್ಷದ ಹಿಂದೆ ಒಬ್ಬ ಕಬಡ್ಡಿ ಆಟಗಾರನಿಗೆ ಇದೇ ಗೆಣ್ಣು ಹೋಗಿತ್ತು. ಬೆರಳು ನೆಟ್ಟಗಿಟ್ಟು ಅಲ್ಯೂಮಿನಿಯಂ ಪಟ್ಟಿಯಲ್ಲಿ ಸುಮಾರು ಐದು ವಾರ ಕಟ್ಟಿಟ್ಟೆ. ಬಿಚ್ಚಿದಾಗ ಲಿಗಮೆಂಟ್, ಅಂದರೆ ಎಲುಬುಗಳನ್ನು ಹಿಡಿದಿಡುವ ನಾರು, ಗಟ್ಟಿಯಾಗಿ ಕೂತಿತ್ತು, ಬೆರಳು ಮಾತ್ರ ನಲವತ್ತು ಡಿಗ್ರಿಗಿಂತ ಹೆಚ್ಚು ಮಡಚಲಿಲ್ಲ. ನಾಲ್ಕು ತಿಂಗಳು ಮೇಣ, ಬಿಸಿನೀರು, ಎಳೆತ ಎಲ್ಲಾ ಮಾಡಿದೆ. ಅವನು ಅಡಕೆ ತೋಟದ ಕೆಲಸದವನು. ದೋಟಿ ಹಿಡಿಯಲು ಆಗುತ್ತಿಲ್ಲ ಅಂದ. ತೆಗೆದುಕೊಂಡಿದ್ದ ಮೂರು ಸಾವಿರದಷ್ಟು ದುಡ್ಡು ವಾಪಸ್ ಕೊಟ್ಟೆ. ಅಂದಿನಿಂದ ಈ ಗೆಣ್ಣನ್ನು ನೆಟ್ಟಗೆ ಕಟ್ಟಿಡುವುದನ್ನೇ ಬಿಟ್ಟೆ.

ಬೆರಳ ಬೆನ್ನ ಮೇಲೆ ಕೂತು, ಮಡಚಲು ಬಿಟ್ಟು, ಜಾರುವಷ್ಟು ನೆಟ್ಟಗಾಗದಂತೆ ತಡೆ ಹಾಕುವ ಸ್ಪ್ಲಿಂಟ್ ಎಂಬ ಆಸರೆ ಫಿಸಿಯೋಥೆರಪಿಯ ನಮಗೆಲ್ಲ ಗೊತ್ತಿರುವುದೇ. ತೊಡಕಿದ್ದದ್ದು ಸಾಮಾನಿನದು. ಅದಕ್ಕೆ ಬಳಸುವ, ಬಿಸಿಗೆ ಮೆತ್ತಗಾಗುವ ಥರ್ಮೋಪ್ಲಾಸ್ಟಿಕ್ ಹಾಳೆ ನಾನು ತಂದಾಗ ನಾಲ್ಕೈದು ಸಾವಿರ. ನಮ್ಮೂರಿನ ಹುಡುಗರಿಗೆ ಅದರ ಬಿಲ್ ಹಾಕಲು ಮನಸ್ಸು ಬರಲಿಲ್ಲ. ಅದಕ್ಕೆ ಮುಕ್ಕಾಲು ಇಂಚಿನ ಪಿವಿಸಿ ಪೈಪು ಹಿಡಿದೆ. ಎರಡು ಇಂಚು ತುಂಡು ಮಾಡಿ, ಉದ್ದಕ್ಕೆ ಸೀಳಿ, ಕುದಿಯುವ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಮೊದಲ ತುಂಡನ್ನು ಅವಸರದಲ್ಲಿ ನನ್ನ ಬೆರಳ ಮೇಲೇ ಒತ್ತಿ ಗುಳ್ಳೆ ಎಬ್ಬಿಸಿಕೊಂಡೆ. ಈಗ ಕಬ್ಬಿಣದ ಸರಳಿನ ಮೇಲೆ ಬಗ್ಗಿಸಿ, ಪೂರ್ತಿ ಆರಿದ ಮೇಲೆ ಅಂಚು ಉಜ್ಜಿ, ಒಳಗೆ ಫೋಮ್ ಅಂಟಿಸುತ್ತೇನೆ. ಒಂದಕ್ಕೆ ಇಪ್ಪತ್ತು ರೂಪಾಯಿ ದಾಟುವುದಿಲ್ಲ. ಬಿಸಿ ಪೈಪು ಗೆಣ್ಣಿನ ಜಾಗದಲ್ಲಿ ಚಪ್ಪಟೆಯಾಗದಂತೆ ಬಗ್ಗಿಸಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕಲಿಯಲು ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ.

ಶುರುವಿಗೆ ಮೂವತ್ತು ಡಿಗ್ರಿ ಬಾಗು. ವಾರಕ್ಕೆ ಹತ್ತರಂತೆ ಕಡಿಮೆ. ಪಟ್ಟಿ ಬುಡದ ಎಲುಬಿಗೆ ಮಾತ್ರ, ಮುಂದಿನ ಭಾಗ ಮಡಚಲು ಬಿಡುಗಡೆ. ಗಂಟೆಗೊಮ್ಮೆ ಹತ್ತು ಸಲ ಮಡಚಬೇಕು. ಮೂರು ವಾರ ಆದಮೇಲೆ ಪಕ್ಕದ ಬೆರಳಿಗೆ ಸೇರಿಸಿ ಟೇಪ್. ಟೇಪ್ ಗೆಣ್ಣಿನ ಮೇಲೆ ಬರಬಾರದು, ಬೆರಳುಗಳ ನಡುವೆ ಹತ್ತಿ ಇರಬೇಕು. ಒಂದು ಮಳೆಗಾಲದಲ್ಲಿ ಹತ್ತಿ ಮರೆತು ಇಬ್ಬರ ಚರ್ಮ ಬೆಂದು ಹೋಯಿತು.

ಟೇಪಿನ ಬದಲು ಸೈಕಲ್ ಟ್ಯೂಬಿನ ಉಂಗುರ ಹಾಕಿ ನೋಡಿದೆ. ಬೆವರಿಗೆ ಜಾರುತ್ತದೆ. ಟೈಲರ್ ಹತ್ತಿರ ಹೊಲಿಸಿದ ವೆಲ್ಕ್ರೋ ಪಟ್ಟಿ ಚೆನ್ನಾಗಿ ನಿಂತಿತು, ಜೋಡಿಗೆ ಹದಿನೈದು ರೂಪಾಯಿ. ಕಿರುಬೆರಳು ಮೋಟು, ಅದರ ಗೆಣ್ಣು ಉಂಗುರ ಬೆರಳಿನ ಗೆಣ್ಣಿಗೆ ಸರಿಯಾಗಿ ಕೂರುವುದಿಲ್ಲ ಅಲ್ವಾ, ಅಲ್ಲಿ ಪಟ್ಟಿಯನ್ನು ಓರೆಯಾಗಿ ಹೊಲಿಸಬೇಕು.

ಎಲ್ಲ ಬೆರಳಿಗೂ ಇದು ಆಗುವುದಿಲ್ಲ. ಎಕ್ಸ್‌ರೇ ಇಲ್ಲದೆ ನಾನು ಮುಟ್ಟುವುದೇ ಇಲ್ಲ. ಎಲುಬಿನ ಚೂರು ದೊಡ್ಡದಿದ್ದರೆ, ಅಥವಾ ಮೂವತ್ತು ಡಿಗ್ರಿ ಬಾಗಿಸಿ ಹಿಡಿದರೂ ಕೀಲು ಜಾರಿದರೆ ನೇರ ಸರ್ಜನ್ ಹತ್ತಿರ. ಹೆಬ್ಬೆರಳಿನ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದಿದ್ದೇನೆ. ಬುಡದ ಗೆಣ್ಣಿನ ಒಳಬದಿಯ ಲಿಗಮೆಂಟ್ ಪೂರ್ತಿ ಹರಿದಿತ್ತು. ನಾನು ಸುಮ್ನೆ ಕಟ್ಟಿ ಐದು ವಾರ ಕಾದೆ. ಹರಿದ ತುದಿ ಮೇಲಿನ ಪದರದ ಹೊರಗೆ ಸಿಕ್ಕಿಕೊಂಡಿದ್ದರೆ ಎಷ್ಟು ಕಟ್ಟಿದರೂ ಕೂಡುವುದಿಲ್ಲ. ಸ್ವೀಡನ್ನಿನ ಸರ್ಜನ್ ಸ್ಟೆನರ್ ಇದನ್ನು 1962ರಲ್ಲೇ ಬರೆದಿಟ್ಟಿದ್ದಾರೆ, ಓದಿಯೂ ಇದ್ದೆ. ಆ ಹೆಣ್ಣುಮಗಳಿಗೆ ಕೊನೆಗೆ ಆಪರೇಷನ್ ಆಯಿತು. ಈಗ ಆ ಗೆಣ್ಣು ಇನ್ನೊಂದು ಕೈಗಿಂತ ಜಾಸ್ತಿ ವಾಲಿದರೆ ಒಂದು ದಿನವೂ ಕಾಯುವುದಿಲ್ಲ.

ನಡು ಗೆಣ್ಣಿನ ಲೆಕ್ಕ ಹೇಳುವುದಾದರೆ, ಇಲ್ಲಿವರೆಗೆ ನಲವತ್ತರ ಹತ್ತಿರ ಬೆರಳು. ಮತ್ತೆ ಜಾರಿದ್ದು ಒಂದು, ಅವನು ಎರಡನೇ ವಾರವೇ ಸ್ಪ್ಲಿಂಟ್ ಬಿಚ್ಚಿ ಆಡಲು ಹೋಗಿದ್ದ. ಪೂರ್ತಿ ನೆಟ್ಟಗಾಗದೆ ಉಳಿದದ್ದು ಮೂರೋ ನಾಲ್ಕೋ. ಈ ವಾಲಿಬಾಲ್ ಹುಡುಗನಿಗೂ ಇನ್ನು ಐದು ಡಿಗ್ರಿ ಬಾಕಿ. ಅದಕ್ಕೆ ಅದೇ ಪೈಪಿನಲ್ಲಿ ರಾತ್ರಿ ಹಾಕುವ ನೇರ ತುಂಡು ಮಾಡಿಕೊಟ್ಟಿದ್ದೇನೆ. ಹದಿನೈದು ದಿನಕ್ಕೊಮ್ಮೆ ಅಳೆಯುತ್ತಿದ್ದೇನೆ.